ಪಡಸಾಲೆಗೊಂದು ಗಣಕಯಂತ್ರ: ಕೊಳ್ಳುವ ಮುನ್ನ

1987ರ ಜನವರಿಯಲ್ಲಿ ದೂರದರ್ಶನವು ‘ರಾಮಾಯಣ’ ಧಾರಾವಾಹಿಯನ್ನು ಆರಂಭಿಸಿದಾಗ ನಮ್ಮ ಹಳ್ಳಿಗಳಲ್ಲಿ ಟೀವಿ ಪೆಟ್ಟಿಗೆಯಿದ್ದ ಮನೆಗಳು ಬೆರಳೆಣಿಕೆಯಷ್ಟು. ಭಾನುವಾರದ ಬೆಳಗಿನಲ್ಲಿ ಅಂತಹ ಮನೆಯ ಪಡಸಾಲೆ ಇಡೀ ಕೇರಿಯ ಪಡಸಾಲೆಯಾಗುತ್ತಿತ್ತು. ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ಇಂದು ಅದೇ ಪಡಸಾಲೆಗಳಲ್ಲಿ ಟೀವಿಯ ಗಾತ್ರ ಹಿಗ್ಗಿದೆ, ಅದರ ಮುಂದೆ ಕೂರುವವರ ಸಂಖ್ಯೆ ಕುಗ್ಗಿದೆ. ಮಗ ಮಹಡಿಯ ಕೋಣೆಯಲ್ಲಿ, ಸೊಸೆ ಅಡುಗೆಮನೆಯಲ್ಲಿ, ಮೊಮ್ಮಗ ಜಗಲಿಯ ಮೂಲೆಯಲ್ಲಿ, ಒಬ್ಬೊಬ್ಬರೂ ಅಂಗೈಯಗಲದ ಪರದೆಯೊಂದನ್ನು ಹಿಡಿದು ಕುಳಿತಿರುವ ದೃಶ್ಯ ಸರ್ವವಿದಿತವೇ ಆಗಿದೆ.

ಹೀಗೆ ಚದುರಿಹೋದ ಕಣ್ಣುಗಳನ್ನು ಮರಳಿ ಒಂದೆಡೆ ಕೂಡಿಸುವ ಆಸೆಯಿಂದಲೋ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳ ಒತ್ತಾಯದಿಂದಲೋ, ಟೀವಿಗೆ ಗಣಕಯಂತ್ರವೊಂದನ್ನು ಜೋಡಿಸಿ ‘ಮನೆಯ ಚಿತ್ರಮಂದಿರ’ವನ್ನು ಮಾಡಿಕೊಳ್ಳುವ ವಿಚಾರ ಈಗ ಅನೇಕ ಕುಟುಂಬಗಳಲ್ಲಿ ಮೊಳೆಯುತ್ತಿದೆ. ಸಖರಾಯಪಟ್ಟಣದ ಹಳೆಯ ಮಾದರಿಯ ಒಂದು ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಚಾರವನ್ನು ಪರಿಶೀಲಿಸೋಣ: ಉದ್ದನೆಯ ಪಡಸಾಲೆ, ತೆಂಗು ಅಡಕೆಯ ಆದಾಯ, ಎಂಬತ್ತು ಮೀರಿದ ಅಜ್ಜಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ವರ್ಷದ ಫಸಲು ಕೈಗೆ ಬಂದಾಗ ಮಾತ್ರ ಹಣ ಓಡಾಡುವ ಇಂತಹ ಮನೆಯಲ್ಲಿ ತಪ್ಪು ಯಂತ್ರವನ್ನು ಕೊಂಡರೆ ಅದನ್ನು ಬದಲಿಸುವ ಅವಕಾಶ ಬೇಗನೆ ಬರುವುದಿಲ್ಲ.

ಮೊದಲು ಒಂದು ಸಂಗತಿಯನ್ನು ನಿಷ್ಠುರವಾಗಿ ಹೇಳಿಬಿಡುವುದು ಲೇಸು. ಚಂದಾ ತೆತ್ತು ಅಂತರಜಾಲದ ಮೂಲಕ ಚಲನಚಿತ್ರ, ಕ್ರಿಕೆಟ್ ಮತ್ತು ಧಾರಾವಾಹಿಗಳನ್ನು ನೋಡುವುದಷ್ಟೇ ಉದ್ದೇಶವಾಗಿದ್ದರೆ ಗಣಕಯಂತ್ರದ ಅಗತ್ಯವೇ ಇಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು ಟೀವಿಗೆ ಜೋಡಿಸುವ ಕಂಪ್ಯೂಟರಿಗೆಂದೇ 2002ರಲ್ಲಿ ‘ಮೀಡಿಯಾ ಸೆಂಟರ್’ ಎಂಬ ತಂತ್ರಾಂಶವನ್ನು ಹೊರತಂದಿತ್ತು. 2015ರಲ್ಲಿ ವಿಂಡೋಸ್ 10 ಬಂದಾಗ ಅದನ್ನು ಕೈಬಿಟ್ಟಿತು. ಅಷ್ಟು ಹೊತ್ತಿಗೆ ಟೀವಿಯೇ ಒಂದು ಪುಟ್ಟ ಗಣಕಯಂತ್ರವಾಗಿತ್ತು. ಹಳೆಯ ಟೀವಿಯಿದ್ದವರು ಅದರ ಹಿಂಬದಿಗೆ ಸಿಕ್ಕಿಸುವ ಹೆಬ್ಬೆರಳು ಗಾತ್ರದ ಸ್ಟಿಕ್ ಒಂದನ್ನು ಅಲ್ಪ ಬೆಲೆಗೆ ತಂದುಕೊಂಡರೂ ಈ ಕಾರ್ಯ ನೆರವೇರುತ್ತದೆ.

ಇಷ್ಟೇ ಅಲ್ಲ, ಚಂದಾದ ಚಿತ್ರಗಳ ವಿಷಯದಲ್ಲಿ ದುಬಾರಿ ಗಣಕಯಂತ್ರವು ಅಗ್ಗದ ಸ್ಟಿಕ್ಕಿಗಿಂತ ಕಡಿಮೆ ಕೆಲಸ ಮಾಡುವುದೂ ಉಂಟು. ನಕಲು ತಡೆಯಲೆಂದು ಕಂಪನಿಗಳು ಚಿತ್ರಕ್ಕೆ ಬೀಗ ಹಾಕಿ ಕಳುಹಿಸುತ್ತವೆ. ಆ ಬೀಗದ ಕೀಲಿಯನ್ನು ಯಂತ್ರದ ಒಡಲಿನಲ್ಲೇ ಭದ್ರವಾಗಿ ಅಡಗಿಸಿಟ್ಟಿರುವ ಟೀವಿ ಮತ್ತು ಸ್ಟಿಕ್ಕುಗಳಿಗೆ ಅವು ಅತ್ಯುನ್ನತ ಸ್ಪಷ್ಟತೆಯ ಚಿತ್ರವನ್ನು ಕೊಡುತ್ತವೆ. ಕಂಪ್ಯೂಟರಿನ ಬ್ರೌಸರಿಗೆ ಬಹುತೇಕ ಸಂದರ್ಭಗಳಲ್ಲಿ ಒಂದೆರಡು ಮೆಟ್ಟಿಲು ಕೆಳಗಿನದನ್ನು ನೀಡುತ್ತವೆ. ಉಚಿತವಾಗಿ ದೊರೆಯುವ ಲಿನಕ್ಸ್ ವ್ಯವಸ್ಥೆಯನ್ನು ಹಾಕಿಕೊಂಡವರಿಗಂತೂ ಚಂದಾ ಸೇವೆಗಳ 4ಕೆ ಚಿತ್ರವನ್ನು ಮರೆಯಬೇಕಾಗುತ್ತದೆ. ಅಂಗಡಿಯವರು ಈ ಮಾತನ್ನು ತಾವಾಗಿ ಹೇಳುವುದು ಅಪರೂಪ.

ಹಾಗಾದರೆ ಗಣಕಯಂತ್ರವೇಕೆ ಬೇಕು? ಹಣ ತೆತ್ತರೂ ಯಾವ ಕಂಪನಿಯೂ ಕಳುಹಿಸಿಕೊಡಲಾರದ ಚಿತ್ರಗಳಿಗಾಗಿ ಬೇಕು. ಅವು ನಮ್ಮ ಮನೆಯ ಬೀರುವಿನಲ್ಲಿಯೇ ಇವೆ.

1980ರ ದಶಕದ ಕೊನೆಯಿಂದ ಸುಮಾರು 2000ದವರೆಗೆ ನಮ್ಮ ಮನೆಗಳ ಮದುವೆ, ಗೃಹಪ್ರವೇಶ, ಲಿಂಗದೀಕ್ಷೆಗಳನ್ನು ವಿಡಿಯೋ ಕ್ಯಾಸೆಟ್ಟಿನಲ್ಲಿ ಸೆರೆಹಿಡಿಯುತ್ತಿದ್ದರು. ಕಪ್ಪು ಇಟ್ಟಿಗೆಯಂತಹ ಆ ಕ್ಯಾಸೆಟ್ಟುಗಳು ಇಂದಿಗೂ ರೇಷ್ಮೆ ಸೀರೆಗಳ ಕೆಳಗೆ ಮಲಗಿವೆ. ಅವುಗಳಲ್ಲಿ ನಡೆದಾಡುವ ಹಿರಿಯರಲ್ಲಿ ಅನೇಕರು ಲಿಂಗೈಕ್ಯರಾಗಿದ್ದಾರೆ. ಅವರ ಭಾವಚಿತ್ರಗಳು ಗೋಡೆಯ ಮೇಲಿವೆ, ನಿಜ. ಆದರೆ ಅವರ ನಡಿಗೆ, ನಗೆ, ಬೀಗರನ್ನು ಉಪಚರಿಸುವಾಗಿನ ದನಿ, ಇವೆಲ್ಲ ಉಳಿದಿರುವುದು ಆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಮಾತ್ರ. ಅಜ್ಜಿಯು ನಡುವಯಸ್ಸಿನಲ್ಲಿ ಹಾಡಿದ ವಚನಗಳ ಧ್ವನಿ ಕ್ಯಾಸೆಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ. ಆ ಪಟ್ಟಿಗೆ ಅಂಟಿಸಿದ ಕಾಂತೀಯ ಲೇಪನ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ, ತೇವಕ್ಕೆ ಬೂಸು ಹಿಡಿಯುತ್ತದೆ. ಬಾಬಾಬುಡನ್ ಗಿರಿಶ್ರೇಣಿಯ ಪೂರ್ವದ ತಪ್ಪಲಿನಲ್ಲಿ, ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿರುವ ನಮ್ಮ ಸೀಮೆಯಲ್ಲಿ ಮಳೆಗಾಲದ ತೇವವೂ ಉಂಟು, ಬೇಸಿಗೆಯ ಧೂಳೂ ಉಂಟು. ಕ್ಯಾಸೆಟ್ಟಿಗೆ ಎರಡೂ ಹಗೆಗಳೇ. ಇದರ ಮೇಲೆ, ಅವುಗಳನ್ನು ನುಡಿಸುವ ವಿ.ಸಿ.ಆರ್. ಯಂತ್ರವೇ ಕಣ್ಮರೆಯಾಗಿದೆ. ಜಪಾನಿನ ಫುನಾಯ್ ಕಂಪನಿಯು ಆ ಯಂತ್ರವನ್ನು ತಯಾರಿಸುತ್ತಿದ್ದ ಕೊನೆಯ ಸಂಸ್ಥೆಯಾಗಿತ್ತು. 2016ರ ಜುಲೈ ತಿಂಗಳಿನಲ್ಲಿ ಅದೂ ತಯಾರಿಕೆಯನ್ನು ನಿಲ್ಲಿಸಿತು.

ಆದ್ದರಿಂದ ಯಂತ್ರದ ಖರೀದಿಗಿಂತ ಮೊದಲೇ ಆರಂಭಿಸಬೇಕಾದ ಕಾರ್ಯವಿದು. ಚಿಕ್ಕಮಗಳೂರು, ಶಿವಮೊಗ್ಗದಂತಹ ಪಟ್ಟಣಗಳಲ್ಲಿ ವಿಚಾರಿಸಿದರೆ ಹಳೆಯ ಕ್ಯಾಸೆಟ್ಟನ್ನು ಗಣಕರೂಪಕ್ಕೆ ಇಳಿಸಿಕೊಡುವ ಸ್ಟುಡಿಯೋದವರು ಸಿಗಬಹುದು. ಅವರಲ್ಲಿ ಡಿ.ವಿ.ಡಿ. ತಟ್ಟೆಯನ್ನು ಕೇಳದೆ ಫೈಲನ್ನೇ ಪೆನ್‌ಡ್ರೈವಿಗೆ ಹಾಕಿಕೊಡಲು ಕೇಳಿರಿ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿಯ ಬೂಸು ಕಂಡರೆ ಅದನ್ನು ಯಾವ ಯಂತ್ರಕ್ಕೂ ತುರುಕಬೇಡಿ. ಬೂಸು ಯಂತ್ರಕ್ಕೆ ಅಂಟಿ ಮುಂದಿನ ಕ್ಯಾಸೆಟ್ಟುಗಳನ್ನೂ ಕೆಡಿಸುತ್ತದೆ. ಅಂತಹದನ್ನು ಶುಚಿಮಾಡಬಲ್ಲವರ ಕೈಗೇ ಒಪ್ಪಿಸಬೇಕು. ಒಂದು ಗಂಟೆಯ ಮದುವೆ ಚಿತ್ರಕ್ಕೆ ಎರಡು ಜಿ.ಬಿ.ಯಷ್ಟು ಸ್ಥಳ ಧಾರಾಳವಾಗಿ ಸಾಕು. ಹಾಗಾಗಿ ಒಂದು ಟಿ.ಬಿ. ಸಾಮರ್ಥ್ಯದ ಡಿಸ್ಕಿನಲ್ಲಿ ಸುಮಾರು 500 ಗಂಟೆಗಳ ಚಿತ್ರ ಹಿಡಿಸುತ್ತದೆ. ಒಂದು ವಂಶದ ಎಲ್ಲ ಮದುವೆಗಳೂ ಅದರಲ್ಲಿ ಸೇರಿದರೂ ಜಾಗ ಉಳಿದೀತು.

ಫೈಲುಗಳಿಗೆ ಹೆಸರಿಡುವುದು ಇನ್ನೊಂದು ಮುಖ್ಯ ಕೆಲಸ. ಇಸವಿ, ಊರು, ಯಾರ ಮದುವೆ ಎಂಬಿಷ್ಟನ್ನು ಕನ್ನಡದಲ್ಲಿಯೇ ಬರೆಯಬಹುದು. ಯುನಿಕೋಡ್ ಅಕ್ಷರದಲ್ಲಿ ಬರೆದ ಹೆಸರನ್ನು ಇಂದಿನ ಎಲ್ಲ ಗಣಕಗಳೂ ಓದುತ್ತವೆ. ಚಪ್ಪರದ ಮೂಲೆಯಲ್ಲಿ ನಿಂತ ರುಮಾಲಿನವರು ಯಾರು, ಎಲೆ ಬಡಿಸುತ್ತಿದ್ದ ಆ ಹುಡುಗ ಯಾರ ಮಗ ಎಂಬುದನ್ನು ಹೇಳಬಲ್ಲವರು ಇಂದು ಮನೆಯಲ್ಲಿ ಅಜ್ಜಿಯೊಬ್ಬರೇ ಇರಬಹುದು. ದೊಡ್ಡ ಪರದೆಯ ಮೇಲೆ ನಿಧಾನವಾಗಿ ಓಡಿಸುತ್ತ, ಅವರು ಹೇಳಿದಂತೆ ಮೊಮ್ಮಕ್ಕಳು ಬರೆದುಕೊಳ್ಳುತ್ತ ಹೋದರೆ ಕೆಲವು ಸಂಜೆಗಳಲ್ಲಿ ಕೆಲಸ ಮುಗಿಯುತ್ತದೆ. ಇದನ್ನು ಮಾತ್ರ ಮುಂದಿನ ವರ್ಷಕ್ಕೆ ಮುಂದೂಡಲಾಗದು.

ಇವನ್ನೆಲ್ಲ ಟೀವಿಯ ಮೇಲೆ ಅಂದವಾಗಿ ಜೋಡಿಸಿ ತೋರಿಸುವ ಉಚಿತ ತಂತ್ರಾಂಶಗಳಿವೆ. ಅವುಗಳಲ್ಲಿ ಹೆಸರಾದದ್ದು ‘ಕೋಡಿ’. ಇಪ್ಪತ್ತು ವರ್ಷಗಳಿಗೂ ಹಿಂದೆ ಬೇರೊಂದು ಹೆಸರಿನಿಂದ ಆರಂಭವಾಗಿ 2014ರಲ್ಲಿ ಈ ಹೆಸರನ್ನು ಪಡೆಯಿತು. ಕೋಡಿ ಎಂದೊಡನೆ ಅಯ್ಯನಕೆರೆಯ ಕೋಡಿ ಬಿದ್ದ ಸುದ್ದಿಯನ್ನು ನೆನೆಯುವ ನಮ್ಮ ಕಡೆಯವರಿಗೆ ಈ ಹೆಸರು ತಾನಾಗಿ ನೆನಪಿನಲ್ಲಿ ಉಳಿಯುತ್ತದೆ, ಅದನ್ನು ಇಟ್ಟವರಿಗೆ ಕನ್ನಡ ತಿಳಿಯದಿದ್ದರೂ! ಮನೆಯ ಬೇರೆ ಕೋಣೆಗಳ ಫೋನುಗಳಿಗೂ ಈ ಚಿತ್ರಗಳನ್ನು ಹಂಚಬೇಕಿದ್ದರೆ ‘ಜೆಲ್ಲಿಫಿನ್’ ಎಂಬುದು ಹೆಚ್ಚು ಅನುಕೂಲಕರ.

ಒಂದು ಎಚ್ಚರಿಕೆ: ಡಿಸ್ಕು ಯಾವತ್ತಾದರೂ ಕೆಟ್ಟೇ ಕೆಡುತ್ತದೆ. ಒಂದು ಪ್ರತಿ ಗಣಕದಲ್ಲಿ, ಇನ್ನೊಂದು ಬೀರುವಿನಲ್ಲಿಟ್ಟ ಬೇರೆ ಡಿಸ್ಕಿನಲ್ಲಿ, ಮೂರನೆಯದು ಮಗಳ ಗಂಡನ ಮನೆಯಲ್ಲಿಯೋ ಬೆಂಗಳೂರಿನ ಮಗನ ಬಳಿಯೋ ಇರಲಿ.

ಗಣಕವೆಂದರೆ ನಮ್ಮ ಸಮಾಜಕ್ಕೆ ಪರಕೀಯ ವಸ್ತುವೇನೂ ಅಲ್ಲ. ಪಾಣಿನಿಯ ವ್ಯಾಕರಣವನ್ನು ‘ಗಣಕಾಷ್ಟಾಧ್ಯಾಯೀ’ ಎಂಬ ತಂತ್ರಾಂಶವಾಗಿ ರೂಪಿಸಿದವರು ಸಿರಿಗೆರೆಯ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳವರು. ಶಿವಶರಣರ ವಚನಗಳನ್ನು ಪದ ಹಿಡಿದು ಹುಡುಕುವ ಅನುಕೂಲವೂ ಅದೇ ಪೀಠದ ಪ್ರಯತ್ನದಿಂದ ಅಂತರಜಾಲದಲ್ಲಿ ದೊರೆತಿದೆ. ಫೋನಿನ ಪರದೆಯಲ್ಲಿ ಕಣ್ಣು ಕಿರಿದು ಮಾಡಿ ಓದುವ ಹಿರಿಯರಿಗೆ ಅದೇ ವಚನವನ್ನು ಪಡಸಾಲೆಯ ಟೀವಿಯ ಮೇಲೆ ಹಿರಿದಾದ ಅಕ್ಷರಗಳಲ್ಲಿ ಕಾಣಿಸಬಹುದಾದುದು ಗಣಕಯಂತ್ರದ ಇನ್ನೊಂದು ಸಾರ್ಥಕ ಉಪಯೋಗ. ಪ್ರಸಾರ ಭಾರತಿಯು 2024ರ ನವೆಂಬರಿನಲ್ಲಿ ಆರಂಭಿಸಿದ ‘ವೇವ್ಸ್’ ಸೇವೆಯಲ್ಲಿ ದೂರದರ್ಶನದ ಹಳೆಯ ಕಾರ್ಯಕ್ರಮಗಳೂ ಸಿಗುತ್ತವೆ. ರಾಮಾಯಣದ ಕಾಲವನ್ನು ನೆನೆಯುವವರು ಅದನ್ನೂ ನೋಡಬಹುದು.

ಇನ್ನು ಯಂತ್ರದ ಆಯ್ಕೆ. ಮೇಲೆ ಹೇಳಿದ ಕಾರ್ಯಗಳಿಗೆ ಊಟದ ಡಬ್ಬಿಯಷ್ಟು ಚಿಕ್ಕದಾದ ‘ಮಿನಿ ಪಿ.ಸಿ.’ ಸಾಕು. ಇಂಟೆಲ್ ಸಂಸ್ಥೆಯು 2023ರ ಆರಂಭದಲ್ಲಿ ಹೊರತಂದ ಎನ್-100 ಎಂಬ ಚಿಪ್ಪು ಇಂತಹ ಪೆಟ್ಟಿಗೆಗಳಲ್ಲಿ ಪ್ರಸಿದ್ಧವಾಗಿದೆ. ಅದರ ವಿದ್ಯುತ್ ಅಳತೆ ಕೇವಲ 6 ವ್ಯಾಟ್. ಯೂಟ್ಯೂಬಿನಂತಹ ತಾಣಗಳು ಬಳಸುವ ಎವಿ-1 ಎಂಬ ಹೊಸ ಸಂಕೋಚನ ವಿಧಾನವನ್ನು ಬಿಡಿಸಲು ಅದರೊಳಗೆ ಪ್ರತ್ಯೇಕ ಅಂಗವಿರುವುದರಿಂದ ಚಿತ್ರ ತಡವರಿಸದೆ ಓಡುತ್ತದೆ. 8 ಜಿ.ಬಿ. ಮೆಮೊರಿ, 256 ಜಿ.ಬಿ. ಎಸ್.ಎಸ್.ಡಿ., ಚಿತ್ರಗಳಿಗೆ ಪ್ರತ್ಯೇಕ ಡಿಸ್ಕು, ಇವಿಷ್ಟು ಸಾಕು. ಕೊಳ್ಳುವಾಗ ಎಚ್.ಡಿ.ಎಂ.ಐ. 2.0 ಇದೆಯೇ ಎಂದು ಕೇಳಿರಿ; ಹಿಂದಿನ 1.4ರಲ್ಲಿ 4ಕೆ ಚಿತ್ರವು ಸೆಕೆಂಡಿಗೆ 30 ಚೌಕಟ್ಟುಗಳಿಗೆ ಸೀಮಿತವಾಗುತ್ತದೆ.

4ಕೆ ಎಂಬ ಪದಕ್ಕೆ ಮರುಳಾಗುವವರಿಗೆ ಒಂದು ಮಾತು. 43 ಅಂಗುಲದ ಟೀವಿಯನ್ನು 9 ಅಡಿ ದೂರದಿಂದ ನೋಡುವವರ ಕಣ್ಣಿಗೆ 4ಕೆ ಮತ್ತು ಅದರ ಕೆಳಗಿನ ಫುಲ್ ಎಚ್.ಡಿ. ನಡುವಿನ ಸೂಕ್ಷ್ಮತೆಯ ವ್ಯತ್ಯಾಸ ಕಾಣಿಸದು. ಉದ್ದನೆಯ ಪಡಸಾಲೆಯಲ್ಲಿ ಗೋಡೆಗೊರಗಿ ಕೂರುವ ಮನೆಯವರು ಮೊದಲು ಅಳತೆಪಟ್ಟಿ ಹಿಡಿದು ದೂರವನ್ನು ಅಳೆಯಲಿ. ‘ಬೇಡರ ಕಣ್ಣಪ್ಪ’ದಂತಹ 1954ರ ಚಿತ್ರದ ಸವೆದ ಪ್ರತಿಯನ್ನು ಯಾವ ಟೀವಿಯೂ ಹೊಸದಾಗಿಸಲಾರದು. ದೊಡ್ಡ ಟೀವಿಯೇ ಬೇಕೆನ್ನುವವರಿಗೆ ಒಂದು ಸಮಾಧಾನವುಂಟು: 2025ರ ಸೆಪ್ಟೆಂಬರ್ 22ರಿಂದ 32 ಅಂಗುಲ ಮೀರಿದ ಟೀವಿಗಳ ಮೇಲಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿದಿದೆ. ಇದಕ್ಕೆ ಪ್ರತಿಯಾಗಿ ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಗಣಕದ ಮೆಮೊರಿಯ ಬೆಲೆ ವಿಪರೀತ ಏರಿತು. ಅಗತ್ಯಕ್ಕಿಂತ ಹೆಚ್ಚು ಮೆಮೊರಿ ಹಾಕಿಸಲು ಇದು ಕಾಲವಲ್ಲ.

ಕಚೇರಿಗಳು ಕಳಚಿದ ಹಳೆಯ ಗಣಕಗಳು ಅಗ್ಗವಾಗಿ ಸಿಗುತ್ತವೆಂದು ಹೇಳುವವರಿದ್ದಾರೆ. ಅದು ಸುಳ್ಳಲ್ಲ. ಆದರೆ ವಿಂಡೋಸ್ 10ಕ್ಕೆ ಸಾಮಾನ್ಯ ರಕ್ಷಣಾ ಪರಿಷ್ಕರಣೆಗಳು 2025ರ ಅಕ್ಟೋಬರ್ 14ಕ್ಕೆ ನಿಂತುಹೋದವು. ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಳೆಯ ಚಿಪ್ಪುಗಳನ್ನು ವಿಂಡೋಸ್ 11 ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಂತಹ ಯಂತ್ರಕ್ಕೆ ಲಿನಕ್ಸ್ ಹಾಕಿಕೊಡಬಲ್ಲ ಹುಡುಗನೊಬ್ಬ ಮನೆಯಲ್ಲಿದ್ದರೆ ಮಾತ್ರ ಆ ದಾರಿ ಹಿಡಿಯಬಹುದು.

ಮಕ್ಕಳು ಕೇಳುವುದು ಆಟಗಳನ್ನು. ಇದನ್ನು ಒಮ್ಮೆಗೇ ತಳ್ಳಿಹಾಕುವ ಹಿರಿಯರೊಡನೆ ನನ್ನ ಸಹಮತವಿಲ್ಲ. ಚೌಕಾಬಾರ, ಅಳಗುಳಿ ಮಣೆಗಳೂ ಆಟಗಳೇ; ಅವುಗಳ ಸೊಗಸು ಇದ್ದುದು ಎದುರುಬದುರು ಕೂರುವುದರಲ್ಲಿ. ಒಬ್ಬನೇ ಕೋಣೆಯಲ್ಲಿ ಕದ ಹಾಕಿಕೊಂಡು ಅಪರಿಚಿತರೊಡನೆ ಆಡುವುದಕ್ಕೂ, ಪಡಸಾಲೆಯಲ್ಲಿ ಅಕ್ಕ ತಮ್ಮ ಇಬ್ಬರೂ ಒಂದೊಂದು ಕಂಟ್ರೋಲರ್ ಹಿಡಿದು ಒಂದೇ ಪರದೆಯ ಮೇಲೆ ಬಂಡಿ ಓಡಿಸುವುದಕ್ಕೂ ಬಹಳ ಅಂತರವಿದೆ. ‘ಸೂಪರ್ ಟಕ್ಸ್ ಕಾರ್ಟ್’ ಎಂಬ ಉಚಿತ ಆಟದಲ್ಲಿ ಪರದೆಯನ್ನು ಹಂಚಿಕೊಂಡು ಹೀಗೆ ಆಡಬಹುದು. ಅದಕ್ಕೆ ಎನ್-100 ಪೆಟ್ಟಿಗೆಯೇ ಸಾಕು. ಚದುರಂಗಕ್ಕಂತೂ ಯಾವ ಯಂತ್ರವಾದರೂ ಸರಿ. ಪುಣೆಯ ತಂಡವೊಂದು 2020ರಲ್ಲಿ ಹೊರತಂದ ‘ರಾಜಿ’ಯಂತಹ, ನಮ್ಮ ಪುರಾಣಗಳ ಹಿನ್ನೆಲೆಯ ಆಟಗಳನ್ನು ಆಡಬೇಕೆಂದರೆ ಇನ್ನೂ ಬಲವಾದ ಯಂತ್ರ ಬೇಕಾಗುತ್ತದೆ. ಎ.ಎಂ.ಡಿ. ಸಂಸ್ಥೆಯ 2021ರ ರೈಜೆನ್ 5 5600ಜಿ ಚಿಪ್ಪು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದೆ ಇಂತಹ ಹಗುರ ಆಟಗಳನ್ನು, ಚಿತ್ರದ ಗುಣಮಟ್ಟವನ್ನು ಕೊಂಚ ತಗ್ಗಿಸಿದರೆ, ನಡೆಸಿಕೊಡುತ್ತದೆ. ಇದಕ್ಕೆ 16 ಜಿ.ಬಿ.ಯ ಒಂದೇ ಮೆಮೊರಿ ಪಟ್ಟಿಯ ಬದಲು 8 ಜಿ.ಬಿ.ಯ ಎರಡು ಪಟ್ಟಿಗಳನ್ನು ಹಾಕಿಸಬೇಕು. ಎರಡು ದಾರಿಯಲ್ಲಿ ಮಾಹಿತಿ ಹರಿಯುವುದರಿಂದ ಆಟದ ವೇಗ ಎದ್ದುಕಾಣುವಷ್ಟು ಹೆಚ್ಚುತ್ತದೆ. ಆದರೆ ಎವಿ-1 ಬಿಡಿಸುವ ಅಂಗ ಈ ಚಿಪ್ಪಿನಲ್ಲಿಲ್ಲ. ಬರಿಯ ಬಲದಿಂದ ಎಳೆದುಕೊಂಡು ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮಕ್ಕಳು ಹೈಸ್ಕೂಲು ಮುಟ್ಟುವವರೆಗೆ ಮೊದಲಿನ ಚಿಕ್ಕ ಪೆಟ್ಟಿಗೆಯೇ ತಕ್ಕುದು.

ಹಣ ಕಟ್ಟಿ ಆಡುವ ಆಟಗಳ ಮಾತೇ ಬೇರೆ. ಅವುಗಳಿಂದ ಮನೆಗಳು ಸಾಲಕ್ಕೆ ಸಿಲುಕಿದ ಸುದ್ದಿಗಳನ್ನು ಓದದವರಿಲ್ಲ. ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ ಕಾನೂನು ಅವನ್ನು ನಿಷೇಧಿಸಿದೆ. ತಂದೆಯ ಬ್ಯಾಂಕ್ ಖಾತೆಯನ್ನಾಗಲಿ ಯು.ಪಿ.ಐ.ಯನ್ನಾಗಲಿ ಆಟದ ಖಾತೆಗೆ ಜೋಡಿಸದಿರುವುದು ಕಾನೂನಿಗಿಂತ ಗಟ್ಟಿಯಾದ ರಕ್ಷಣೆ. ಆಟ ಬಿಟ್ಟರೆ ಊಟ ನಿದ್ರೆಗಳಿಲ್ಲ ಎಂಬ ಸ್ಥಿತಿಗೆ ಮಗು ಬಂದಿದ್ದರೆ ಬೈಗುಳದಿಂದ ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ವೈದ್ಯಕೀಯ ಸಮಸ್ಯೆಯೆಂದೇ ಪಟ್ಟಿಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಿಂದಲೇ ಇದಕ್ಕಾಗಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ನಡೆಸುತ್ತಿದೆ.

ಅಂತರಜಾಲದ ವಿಷಯ ಸಂಕ್ಷಿಪ್ತವಾಗಿ. ಫುಲ್ ಎಚ್.ಡಿ. ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್, 4ಕೆ ಚಿತ್ರಕ್ಕೆ 15 ಮೆಗಾಬಿಟ್ ವೇಗ ಬೇಕೆಂದು ನೆಟ್‌ಫ್ಲಿಕ್ಸ್ ತಿಳಿಸುತ್ತದೆ. ಎಚ್.ಡಿ.ಗೆ ಗಂಟೆಗೆ 3 ಜಿ.ಬಿ., 4ಕೆಗೆ 7 ಜಿ.ಬಿ.ವರೆಗೆ ಖರ್ಚಾಗುತ್ತದೆ. ದಿನಕ್ಕೆ 2 ಜಿ.ಬಿ. ಕೊಡುವ ಫೋನಿನ ಯೋಜನೆಯಲ್ಲಿ ಮೊದಲ ಹಾಡಿನ ಹೊತ್ತಿಗಲ್ಲದಿದ್ದರೂ ಮಧ್ಯಂತರಕ್ಕೆ ಮುನ್ನವೇ ಚಿತ್ರ ನಿಂತೀತು. ಆದ್ದರಿಂದ ನಿಮ್ಮ ಬೀದಿಗೆ ಫೈಬರ್ ಬಂದಿದೆಯೇ, ಕೆಟ್ಟಾಗ ಎಷ್ಟು ದಿನದಲ್ಲಿ ಸರಿಪಡಿಸುತ್ತಾರೆ ಎಂಬುದನ್ನು ನೆರೆಮನೆಯವರಲ್ಲಿ ವಿಚಾರಿಸಿಕೊಂಡೇ ಯಂತ್ರದ ಮಾತಿಗೆ ತೊಡಗಬೇಕು. ಮನೆಯದೇ ಚಿತ್ರಗಳಿಗೆ ಈ ಯಾವ ತೊಡಕೂ ಇಲ್ಲ. ತಂತಿ ಕಡಿದ ದಿನವೂ ಅವು ಓಡುತ್ತವೆ.

ಫೈಬರಿನಿಂದ ಇನ್ನೊಂದು ಲಾಭವಿದೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು. ಮುಂಗಾರಿಗೆ ಮುನ್ನ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೀಳುವ ಸಿಡಿಲು ತಾಮ್ರದ ತಂತಿಯ ಮೂಲಕ ಒಳನುಗ್ಗಿ ಟೀವಿಯನ್ನು ಸುಡುವುದು ನಮ್ಮಲ್ಲಿ ಹೊಸತೇನಲ್ಲ. ಆದರೂ ಫೈಬರಿಗೆ ಆಸರೆಯಾಗಿ ಕಟ್ಟಿದ ಲೋಹದ ತಂತಿ, ಡಿಶ್ ಆಂಟೆನಾದ ಕೇಬಲ್ಲು ಮತ್ತು ವಿದ್ಯುತ್ ಪ್ಲಗ್ಗು, ಈ ಮೂರು ದಾರಿಗಳು ತೆರೆದೇ ಇರುತ್ತವೆ. ಗುಡುಗು ಕೇಳಿದೊಡನೆ ಪ್ಲಗ್ಗನ್ನೇ ಕಿತ್ತಿಡುವ ಹಳೆಯ ರೂಢಿಯನ್ನು ಬಿಡಬಾರದು. ಭೂಸಂಪರ್ಕ ಸರಿಯಿದೆಯೇ ಎಂದು ವಿದ್ಯುತ್ ಕೆಲಸಗಾರರಿಂದ ಪರೀಕ್ಷೆ ಮಾಡಿಸುವುದು ಯಾವ ದುಬಾರಿ ಸ್ಪೀಕರಿಗಿಂತಲೂ ಮುಂಚಿನ ಖರ್ಚು.

ವಿದ್ಯುತ್ತಿನ ಲೆಕ್ಕವನ್ನೂ ನೋಡೋಣ. ಹಗಲಿರುಳು ಚಾಲೂ ಇರುವ 8 ವ್ಯಾಟಿನ ಚಿಕ್ಕ ಪೆಟ್ಟಿಗೆ ತಿಂಗಳಿಗೆ 6 ಯೂನಿಟ್ಟಿಗೂ ಕಡಿಮೆ ಬಳಸುತ್ತದೆ; 60 ವ್ಯಾಟಿನ ದೊಡ್ಡ ಗಣಕ 43 ಯೂನಿಟ್ ನುಂಗುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಮಿತಿಯನ್ನು ಪ್ರತಿ ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆಯೇ ಗೊತ್ತುಪಡಿಸಿದ್ದಾರೆ. ಹೀಗಿರುವಾಗ ತಿಂಗಳಿಗೆ 40 ಯೂನಿಟ್ ಹೆಚ್ಚಾದರೆ ಬಿಲ್ಲಿನ ಸ್ವರೂಪವೇ ಬದಲಾದೀತು.

ಪೆಟ್ಟಿಗೆಯನ್ನು ಟೀವಿಯ ಹಿಂದೆ ಗೋಡೆಗೆ ಒತ್ತಿ ಮುಚ್ಚಿಡದೆ ಗಾಳಿಯಾಡುವಂತೆ ಇಡಬೇಕು. ಅಡಕೆ ಸುಲಿಯುವ ಕಾಲದ ಧೂಳು, ಇರುವೆ, ಹಲ್ಲಿಗಳಿಗೆಲ್ಲ ಅದರ ಬೆಚ್ಚನೆಯ ಒಡಲು ಬಲುಪ್ರಿಯ.

ಅಜ್ಜಿಗೆ ಮೌಸು, ಕೀಲಿಮಣೆಗಳನ್ನು ಕೊಟ್ಟು ಕೂರಿಸುವುದು ಸಲ್ಲದು. ಟೀವಿಯ ರಿಮೋಟಿನಿಂದಲೇ ಜೋಡಿಸಿದ ಯಂತ್ರವನ್ನೂ ನಡೆಸುವ ಅನುಕೂಲ ಎಚ್.ಡಿ.ಎಂ.ಐ. ತಂತಿಯಲ್ಲಿ ಉಂಟು, ಆದರೆ ಸಾಮಾನ್ಯ ಗಣಕಗಳಲ್ಲಿ ಬಹುಪಾಲು ಅದನ್ನು ಬಿಟ್ಟಿರುತ್ತಾರೆ. ಆದ್ದರಿಂದ ನಾಲ್ಕು ದಿಕ್ಕಿನ ಗುಂಡಿ ಮತ್ತು ನಡುವಿನ ಒತ್ತುಗುಂಡಿಯಿರುವ ಸರಳ ರಿಮೋಟೊಂದನ್ನು ಯಂತ್ರದೊಡನೆಯೇ ತರಬೇಕು. ಕೋಡಿ ತಂತ್ರಾಂಶ ಅಷ್ಟರಿಂದಲೇ ನಡೆಯುತ್ತದೆ. ಯಂತ್ರ ಚಾಲೂ ಆದೊಡನೆ ಆ ಪುಟವೇ ತೆರೆಯುವಂತೆ ಮಗ ಒಮ್ಮೆ ಹೊಂದಿಸಿಟ್ಟು ಹೋದರೆ ಆಯಿತು.

ಹಾಗೆ ಹೊಂದಿಸಿಟ್ಟ ಮಗ ಬೆಂಗಳೂರಿಗೆ ಹೊರಡುವ ಮುನ್ನ ಇನ್ನೊಂದು ಕೆಲಸ ಮಾಡಲಿ. ಯಾವ ಸೇವೆಗೆ ಯಾವ ಹೆಸರಿನ ಖಾತೆ, ಗುಪ್ತಪದವೇನು, ಚಂದಾ ಎಂದು ಮುಗಿಯುತ್ತದೆ, ಮನೆಯ ಚಿತ್ರಗಳ ಎರಡನೆಯ ಡಿಸ್ಕು ಎಲ್ಲಿದೆ ಎಂಬುದನ್ನೆಲ್ಲ ನೋಟುಪುಸ್ತಕವೊಂದರಲ್ಲಿ ಕನ್ನಡದಲ್ಲಿ ಬರೆದು, ಪಹಣಿ, ಕ್ರಯಪತ್ರಗಳಿರುವ ಟ್ರಂಕಿನಲ್ಲಿಯೇ ಇಟ್ಟು ಹೋಗಲಿ.